ಬೆರಳು ಒಂದು ಕಡೆ, ಬಾಯಿ ಒಂದು ಕಡೆ

ಜೂನ್ 20
ಮತ್ತೆ ಮೂವತ್ತೆಂಟು ಹಾಜರಿ. ಎರಡು ಪೆನ್ಸಿಲ್ ಜಗಳ. ಒಬ್ಬಳ ಹಲ್ಲು ಬಿತ್ತು, ಕಾಗದದಲ್ಲಿ ಸುತ್ತಿ ಕೊಟ್ಟೆ. ಇಡೀ ಶಾಲೆಯಲ್ಲಿ ಗಂಡಸು ಮೇಷ್ಟ್ರು ನಾನೊಬ್ಬನೇ. ಮಕ್ಕಳ ಬಾಯಿಗೆ ಇನ್ನೂ ‘ಮಿಸ್’ ಅಂತಲೇ ಬರುತ್ತದೆ. ತಿದ್ದಿದರೆ ‘ಸಾರಿ ಮಿಸ್’ ಅನ್ನುತ್ತವೆ. ಇರಲಿ. ಟ್ರೈನಿಂಗ್‌ನಲ್ಲಿ ಹೆದರಿಸಿದಷ್ಟು ಕಷ್ಟವಿಲ್ಲ ಎರಡನೇ ಕ್ಲಾಸು. ಈ ಕೆಲಸ ನನಗೆ ಒಗ್ಗುತ್ತದೆ.

ಜುಲೈ 3
ಕಿಟಕಿ ಪಕ್ಕದ ಹುಡುಗಿ — ಮಾತು ನಿಲ್ಲಿಸುವುದಿಲ್ಲ, ಮನಸ್ಸಿನಲ್ಲೇ ‘ರೇಡಿಯೋ’ ಅಂತ ಹೆಸರಿಟ್ಟಿದ್ದೇನೆ — ಇವತ್ತು ಸಕ್ಕರೆ ಡಬ್ಬಿಗೆ ಬಿದ್ದ ಇರುವೆಯ ಪಾಠ ಓದಿದಳು. ಒಂದೇ ಉಸಿರು. ಒಂದು ತಪ್ಪಿಲ್ಲ! ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್, ಎಲ್ಲರ ಬಾಯಲ್ಲೂ ದೊಡ್ಡ ಮೇಡಂ, ನಿಂತು ಕೇಳಿದರು.
“ಮೇಷ್ಟ್ರೇ, ಇಪ್ಪತ್ನಾಲ್ಕಕ್ಕೆ ಅಧಿಕಾರಿಗಳು ಇನ್ಸ್‌ಪೆಕ್ಷನ್‌ಗೆ ಬರ್ತಾರೆ. ಈ ಮಗೂನೇ ಓದ್ಲಿ.”
ನನ್ನ ಪ್ರೊಬೇಷನ್ ರಿಪೋರ್ಟ್ ಬರೆಯುವವರೂ ಆ ಅಧಿಕಾರಿಯೇ. ಮನೆಗೆ ಬಂದು ಅಕ್ಕನ ಮುಂದೆ ಕೊಚ್ಚಿಕೊಂಡೆ... ಒಂದೇ ತಿಂಗಳಲ್ಲಿ ಓದಲು ಕಲಿಸಿಬಿಟ್ಟೆ ಅಂತ.

ಜುಲೈ 9, ಸಂಜೆ
ಜಂಬ ಇಳಿಯಿತು. ರೇಡಿಯೋ ಓದುತ್ತಿದ್ದಾಗ ಫ್ಯಾನ್ ಗಾಳಿಗೆ ಪುಟ ಮಗುಚಿತು. ಬೆರಳು ಕೊಡೆಯ ಚಿತ್ರದ ಕೆಳಗೆ ಓಡುತ್ತಿದೆ, ಬಾಯಿ ಇನ್ನೂ ಸಕ್ಕರೆ ಡಬ್ಬಿಯಲ್ಲೇ ಇದೆ! ಒಂದು ಪದ ತೋರಿಸಿ ಇದೇನು ಅಂದೆ. ಪುಸ್ತಕ ಬಿಟ್ಟು ನನ್ನ ಮುಖ ನೋಡಿದಳು.
“ಸರ್, ಮೊದಲಿಂದ ಹೇಳ್ಲಾ?”
ನಾಲ್ಕನೇ ಕ್ಲಾಸಿನ ಅವಳ ಅಕ್ಕ ಮನೆಯಲ್ಲಿ ಈ ಪುಸ್ತಕ ಗಟ್ಟಿಯಾಗಿ ಓದಿ ತೋರಿಸುತ್ತಾಳಂತೆ. ಇವಳು ಕೇಳಿ ಕೇಳಿ ಬಾಯಿಪಾಠ ಮಾಡಿದ್ದಾಳೆ. ಒಂದಕ್ಷರ ಓದಲು ಬರುವುದಿಲ್ಲ.
ನನ್ನಕ್ಕ ಬಸ್ ಕಂಡಕ್ಟರ್. ಟಿಕೆಟ್ ಬ್ಯಾಗು ಇಳಿಸುತ್ತಾ ನಕ್ಕಳು.
“ಬೋರ್ಡ್ ಓದೋಕೆ ಬರದವರು ದಿನಾ ಸಿಗ್ತಾರೆ ಕಣೋ. ಕನ್ನಡಕ ಮರ್ತೆ ಅಂತಾರೆ. ಅರವತ್ತು ವರ್ಷದ ಜಾಣರು! ನಿನ್ನ ಹುಡುಗಿಗೆ ಇನ್ನೂ ಏಳೇ ವರ್ಷ. ಹೋಗಿ ಕಲಿಸು.”
“ದೊಡ್ಡ ಮೇಡಂಗೆ ಏನ್ ಹೇಳ್ಲಿ?”
“ಇದ್ದಿದ್ದನ್ನ ಹೇಳು. ಅವಳಿಗೆ ಬರಲ್ಲ ಅನ್ನೋದಲ್ಲ ನಿನ್ನ ಕಷ್ಟ. ನಾನೇ ಕಲಿಸ್ದೆ ಅಂತ ಮೆರೆದ್ಯಲ್ಲ, ಅದು.”
ಮಾತು ಸರಿಯಾಗಿ ನಾಟಿತು.

ಜುಲೈ 10
ಹೇಳಿದೆ. ದೊಡ್ಡ ಮೇಡಂ ಪೆನ್ನಿನ ಕ್ಯಾಪ್ ಹಾಕಿದರು, ತೆಗೆದರು.
“ಅಧಿಕಾರಿಗಳು ಬಂದು ಹೋಗ್ಲಿ. ಆಮೇಲೆ ಕಲಿಸಿ. ಯಾರಿಗೇನು ನಷ್ಟ?”
“ಅವಳಿಗೆ ಮೇಡಂ. ಒಂದ್ಸಲ ಚಪ್ಪಾಳೆ ಬಿದ್ರೆ ಆಮೇಲೆ ಯಾಕೆ ಕಲೀತಾಳೆ? ಪುಸ್ತಕ ಬೇಡ. ಬೋರ್ಡ್ ಮೇಲೆ ಹೊಸದಾಗಿ ಬರೀತೀನಿ. ಅದನ್ನ ಓದ್ಲಿ.”
“ತಡವರಿಸಿದ್ರೆ?”
“ತಡವರಿಸ್ಲಿ.”
“ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ” ಅಂದರು. ಬೇಡ ಅನ್ನಲಿಲ್ಲ. ಅಷ್ಟು ಸಾಕು.

ಜುಲೈ 16
ದಿನಾ ಬೆಲ್ ಆದ ಮೇಲೆ ಅರ್ಧ ಗಂಟೆ. ಚಿತ್ರಗಳ ಮೇಲೆ ಕಾಗದ ಅಂಟಿಸಿದ್ದೇನೆ. ಮರ. ಸರ. ಗರಗಸ. ರೇಡಿಯೋಗೆ ಸಿಟ್ಟೋ ಸಿಟ್ಟು. “ನೀವು ಮೊದ್ಲು ಒಳ್ಳೆಯವರಿದ್ರಿ” ಅಂದಳು. ನಗು ತಡೆದುಕೊಂಡೆ. ಇವಳು ಅಕ್ಷರಕ್ಕಿಂತ ಮುಖವನ್ನೇ ಹೆಚ್ಚು ಓದುತ್ತಾಳೆ... ಸರಿಯಾದ ಉತ್ತರ ನನ್ನ ಹುಬ್ಬಿನಲ್ಲಿರುತ್ತದೆ. ಈಗ ಅವಳ ಹಿಂದೆ ನಿಂತು ಕಲಿಸುತ್ತೇನೆ.

ಜುಲೈ 23
ಗುಣಿತಾಕ್ಷರ ದಾಟಿದ್ದಾಳೆ. ಒತ್ತಕ್ಷರ ಬಂದರೆ ಮುಗ್ಗರಿಸುತ್ತಾಳೆ. ಅವಳನ್ನೇ ಕೇಳಿದೆ, ನಾಳೆ ಪುಸ್ತಕ ಹೇಳ್ತೀಯಾ, ಬೋರ್ಡ್ ಓದ್ತೀಯಾ?
“ಬೋರ್ಡಲ್ಲಿರೋದು ಅಕ್ಕಂಗೂ ಗೊತ್ತಿರಲ್ವಾ?”
“ಯಾರಿಗೂ ಗೊತ್ತಿರಲ್ಲ.”
“ಹಾಗಾದ್ರೆ ಬೋರ್ಡ್.”

ಜುಲೈ 24
ಅಧಿಕಾರಿ ಹಿಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿ ಕೂತರು. ಬೋರ್ಡಿನ ಮೇಲೆ ಬರೆದೆ: ನಾಯಿ ಓಡಿ ಬಂತು. ಬೆಕ್ಕು ಮರ ಏರಿತು.
ರೇಡಿಯೋ ಕೋಲು ಹಿಡಿದು ನಿಂತಳು. ನಾ...ಯಿ. ಓ...ಡಿ. ಅಧಿಕಾರಿ ವಾಚು ನೋಡಿಕೊಂಡರು. ಬೆ... ಕು... ನಿಂತಳು. ಥಟ್ಟನೆ ತಿರುಗಿ ನನ್ನ ಮುಖ ಹುಡುಕಿದಳು. ನಾನು ಫ್ಯಾನ್ ನೋಡಿದೆ. ದೊಡ್ಡ ಮೇಡಂ ಬಾಯಿ ತೆರೆದರು — ಹೇಳಿಕೊಡಲಿಕ್ಕೇ — ಮತ್ತೆ ಮುಚ್ಚಿಕೊಂಡರು.
“ಬೆ... ಬೆಕ್... ಬೆಕ್ಕು! ಸರ್, ಬೆಕ್ಕು!”
ಇಡೀ ಕ್ಲಾಸು ನಕ್ಕಿತು. ಅವಳೂ ನಕ್ಕಳು. ಮರವನ್ನು ತಾನೇ ಏರಿದವಳಂತೆ ಜೋರಾಗಿ ಉಳಿದದ್ದನ್ನು ಮುಗಿಸಿದಳು.
“ಏನ್ರೀ ಮೇಷ್ಟ್ರೇ, ಇಷ್ಟು ನಿಧಾನ?” ಅಂದರು ಅಧಿಕಾರಿ.
“ಹೌದು ಸರ್. ಎರಡು ವಾರದ ಹಿಂದೆ ಇನ್ನೂ ಬೇಗ ಹೇಳ್ತಿದ್ಳು. ಆಗ ಓದ್ತಾ ಇರ್ಲಿಲ್ಲ.”
ಏನೋ ಬರೆದುಕೊಂಡರು. ಏನು ಅಂತ ಕೇಳಲಿಲ್ಲ. ನನ್ನ ಲೆಕ್ಕದಲ್ಲಿ ಪಾಸು.

ಜುಲೈ 31, ಬೆಲ್ ಆದ ಮೇಲೆ, ಕ್ಲಾಸಿನಲ್ಲೇ
ರಿಪೋರ್ಟ್ ಬಂತು. ‘ಓದು ನಿಧಾನ. ಶಿಕ್ಷಕರಿಗೆ ಆತುರವಿಲ್ಲ. ಮುಂದುವರಿಸಬಹುದು.’ ಹೊಗಳಿಕೆಯೋ ಬೈಗುಳವೋ, ಕೆಲಸ ಉಳಿಯಿತು. ಆಮೇಲೆ ದೊಡ್ಡ ಮೇಡಂ ಮೂರನೇ ಕ್ಲಾಸಿನ ನಾಲ್ವರನ್ನು ಕೈಹಿಡಿದು ತಂದು ಬಿಟ್ಟರು. “ಇವರದೂ ಬರೀ ಬಾಯೇ ಮೇಷ್ಟ್ರೇ. ನಿನ್ನೆ ನಾನೇ ಕೂತು ನೋಡಿದೆ.” ಮೂವತ್ತು ವರ್ಷ ಸರ್ವೀಸಿನವರು, ತಗ್ಗಿದ ದನಿ. ಖುಷಿಯಾಯಿತು, ಸ್ವಲ್ಪ ಹೆದರಿಕೆಯೂ. ದೊಡ್ಡ ಮೇಡಂ ಅಷ್ಟು ಸುಲಭಕ್ಕೆ ಸೋಲುವವರಲ್ಲ, ಆದರೆ —
ಭುಜದ ಹಿಂದೆ ಯಾರೋ ಉಸಿರಾಡುತ್ತಿದ್ದಾರೆ. ರೇಡಿಯೋ. ನಾನು ಬರೆಯುತ್ತಿದ್ದ ಪುಟದ ಮೇಲೆ ಬೆರಳಿಟ್ಟಳು.
“ದೊ... ಡ್ಡ... ಮೇ... ಡಂ. ಸರ್, ದೊಡ್ಡ ಮೇಡಂ ಬಗ್ಗೆ ಏನ್ ಬರ್ದಿದೀರಾ?”
ಒತ್ತಕ್ಷರ! ಒಂದೇ ಸಲಕ್ಕೆ! ಈಗ ಬೆರಳು ಮುಂದಿನ ಸಾಲಿಗೆ ಇಳಿಯುತ್ತಿದೆ. ಇನ್ನು ಈ ಡೈರಿ ಶಾಲೆಗೆ ತರುವ ಹಾಗಿಲ್ಲ.