ಇಪ್ಪತ್ತು ಮೀಟರ್ ಕೆಳಗಿನ ನೀರು

ಫೆಬ್ರುವರಿ ೨೧

ಪ್ರೀತಿಯ ಅಪ್ಪನಿಗೆ ಮಗಳ ನಮಸ್ಕಾರ.

ನಿಮ್ಮ ಎರಡು ಕಾಗದ ಬಂದು ತಿಂಗಳಾಯಿತು. ಉತ್ತರ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ. ಕೆಲಸದಿಂದ ತಲೆ ಎತ್ತಲಾಗಲಿಲ್ಲ ಎಂದರೆ ಅರ್ಧ ನಿಜ. ಉಳಿದರ್ಧ ಹೆದರಿಕೆ. ಅಮ್ಮನ ಮಂಡಿನೋವು ಹೇಗಿದೆ?

ಇಲ್ಲಿ ಕೇಂದ್ರದಲ್ಲಿ ನೀವು ಹಿಮ ಕೊರೆಯುವ ಯಂತ್ರ ಒರೆಸಿಡುತ್ತಿದ್ದ ಮೂಲೆಯಲ್ಲಿ ಈಗ ಕಾಫಿ ಯಂತ್ರ ಕೂತಿದೆ. ವಾರಕ್ಕೆರಡು ಸಲ ಕೈಕೊಡುತ್ತದೆ. ನನ್ನದು ಅದೇ ಹಳೇ ಪಾಡು: ಹಿಮನದಿಯ ಮೇಲೆ ಕರಗಿದ ನೀರು ಹಿಮದ ಪದರಗಳೊಳಗೆ ಎಷ್ಟು ಇಳಿಯಿತು, ಎಷ್ಟು ನಿಂತಿತು, ಎಷ್ಟು ಹರಿಯಿತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಮೂರು ವರ್ಷದಿಂದ ಅದು ತಾಳೆಯಾಗಿರಲಿಲ್ಲ. ನನ್ನ ಲೆಕ್ಕದಂತೆ ಚಳಿಗಾಲದಲ್ಲಿ ನೀರೆಲ್ಲ ಹೆಪ್ಪುಗಟ್ಟಿ ಕೆಳಗಿನ ಹೊಳೆ ನಿಲ್ಲಬೇಕು. ಹೊಳೆ ಮಾತ್ರ ತನ್ನ ಪಾಡಿಗೆ ಹರಿಯುತ್ತಿತ್ತು. ಸಾಕಾಗಿ ಹೋಗಿತ್ತು, ಅಪ್ಪಾ.

ಹೋದ ವಾರ, ಹಿಮ ಕೊರೆಯಲು ನಿಮ್ಮ ಜಾಗಕ್ಕೆ ಬಂದ ಹುಡುಗಿ ಬೆಟ್ಟದಿಂದಿಳಿದು ಒಂದು ಬಾಟಲಿ ನೀರನ್ನು ನನ್ನ ಮೇಜಿನ ಮೇಲಿಟ್ಟಳು. "ಇಪ್ಪತ್ತು ಮೀಟರ್ ಕೆಳಗಿಂದ ಬಂದಿದ್ದು ಮೇಡಂ. ಇಂಥಾ ಚಳೀಲೂ ಹೆಪ್ಪುಗಟ್ಟಿಲ್ಲ. ಮೇಲಿನ ಹಿಮಾನೇ ಕಂಬಳಿ ಹೊದಿಸಿದ ಹಾಗಿದೆ" ಎಂದಳು. ನೀವು ಊಟಕ್ಕೆ ಕೂತಾಗ ಹೇಳುತ್ತಿದ್ದ ಮಾತೇ.

ಕಪಾಟಿನಿಂದ ನಿಮ್ಮ ನೋಟ್‌ಬುಕ್ ತೆಗೆದೆ. ಮೂರು ಪುಟಗಳಲ್ಲಿ ನಿಮ್ಮ ಪೆನ್ಸಿಲ್ ಅಕ್ಷರ: "ಇಪ್ಪತ್ತು ಮೀಟರ್. ಕೊರೆಯುವ ಸರಳು ಒದ್ದೆ." ಆ ಮೂರನ್ನೂ ಲೆಕ್ಕಕ್ಕೆ ಸೇರಿಸಿದೆ. ಹೊಳೆ ತಾಳೆಯಾಯಿತು. ನಮ್ಮ ಮುಖ್ಯಸ್ಥರು, "ನಿಮ್ಮ ತಂದೆಗೆ ತಿಳಿಸಿ, ವರದೀಲಿ ಅವರ ಹೆಸರು ಹಾಕೋಣ" ಎಂದರು. ಖುಷಿಯಾಗಬೇಕಿತ್ತು. ಮನೆಗೆ ಬಂದು ಶೂ ಕೂಡ ಬಿಚ್ಚದೆ ಕೂತುಬಿಟ್ಟೆ.

ಆಶೀರ್ವಾದ ಕೇಳಲು ಬಾಯಿಲ್ಲ. ಆದರೂ ಇರಲಿ.

ಇಂತಿ,
ನಿಮ್ಮ ಪುಟ್ಟಿ

ಮರೆತೆನೆಂದು ನಟಿಸಿದ ಮಾತು: ಆ ಮೂರು ಅಳತೆಗಳ ಪಕ್ಕ ಕೆಂಪು ಶಾಯಿಯಲ್ಲಿ "ಕೊರೆಯುವವರ ತಪ್ಪು" ಎಂದು ಬರೆದಿತ್ತಲ್ಲ, ಅದನ್ನೇ ನೆಪ ಮಾಡಿ ನಿಮ್ಮನ್ನು ಬೆಟ್ಟದಿಂದ ಇಳಿಸಿ ಉಗ್ರಾಣಕ್ಕೆ ಹಾಕಿದರಲ್ಲ, ಅದು ನನ್ನ ಬರಹ. ಯಾರು ಬರೆದದ್ದೆಂದು ನೀವು ಒಂದು ದಿನವೂ ಕೇಳಲಿಲ್ಲ. ಗೊತ್ತಿಲ್ಲ ಅಂದುಕೊಂಡಿದ್ದೆ. ನಿನ್ನೆ ಆ ಮೂರರಲ್ಲಿ ಕೊನೆಯ ಪುಟ ತಿರುಗಿಸಿದೆ. ಹಿಂಬದಿಯಲ್ಲಿ ನೀವು ಬರೆದಿದ್ದೀರಿ: "ಪುಟ್ಟಿ ಹೇಳಿದ್ದಾಳೆಂದರೆ ಸರಿಯೇ ಇರಬೇಕು. ಹೊಸ ಸರಳು ಕೇಳಬೇಕು."