ಮೇವಿನ ಹೊತ್ತು

ಸೋಮವಾರ, ಸಂಜೆ

ಪ್ರೀತಿಯ ಅಪ್ಪಾ,

ಅತ್ತೆಯ ಮನೆಯಲ್ಲಿ ಕೂತು ಭುಜದ ಪಟ್ಟಿ ಬಿಚ್ಚಿ ಬಿಚ್ಚಿ ನೋಡುತ್ತೀಯಂತೆ, ಅವಳೇ ದೂರು ಹೇಳಿದಳು. ಸುಮ್ಮನೆ ಕೂತುಕೊಂಡು ಇದನ್ನು ಪೂರ್ತಿ ಓದು. ಫೋನಿನಲ್ಲಿ ಮಹಾರಾಯನ ಹೆಸರೆತ್ತಿದರೆ ಸಾಕು, ಇಟ್ಟುಬಿಡುತ್ತೀ. ಮರಿಯಿಂದ ಸಾಕಿದ ಕುದುರೆ ಬೀಳಿಸಿತೆಂಬ ಸಂಕಟ ನನಗೂ ಅರ್ಥವಾಗುತ್ತದೆ. ಆದರೆ ಬರುವ ಭಾನುವಾರ ಅವನನ್ನು ಮಾರಬೇಡ.

ನಮ್ಮ ಲಾಯದಲ್ಲಿ ನಿನ್ನದೊಂದು ಕಾನೂನಿದೆಯಲ್ಲ, ಕುದುರೆ ತಿನ್ನುವಾಗ ಯಾರೂ ಒಳಗೆ ನಿಲ್ಲಬಾರದು, ಮೇವು ಹಾಕಿ ಬಾಗಿಲೆಳೆದು ಬರಬೇಕು ಅಂತ. ಹೋದ ವಾರ ಬಕೆಟ್ ಮರೆತು ವಾಪಸ್ ಹೋದೆ. ಮಹಾರಾಯ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿಕೊಂಡು ಹುಲ್ಲು ಅಗಿಯುತ್ತಿದ್ದ. ಸ್ವಲ್ಪ ಹೊತ್ತಿಗೆ ಅರೆಬರೆ ಅಗಿದ ಹುಲ್ಲಿನ ಒದ್ದೆ ಉಂಡೆಯೊಂದನ್ನು ಕೆಳಗೆ ಉದುರಿಸಿದ. ಗೋಡೆಯ ಬದಿಯಲ್ಲಿ ಅಂಥವು ಇನ್ನೂ ಬಿದ್ದಿದ್ದವು. ಲದ್ದಿಯಲ್ಲಿ ಕಾಳು ಹಾಗೆಹಾಗೇ ಇತ್ತು. ಮುಖದ ಹತ್ತಿರ ಹೋದರೆ ಬಾಯಿಂದ ಕೆಟ್ಟ ವಾಸನೆ. ಎಡಗೆನ್ನೆ ಮುಟ್ಟಗೊಡಲಿಲ್ಲ.

ಸೊರಗಿದ್ದಾನೆಂದು ನೀನು ನೀರಲ್ಲಿ ನೆನೆಸಿದ ತೌಡು ಕೊಡುತ್ತಿದ್ದೆ. ಅದನ್ನು ಅಗಿಯಬೇಕಾಗಿರಲಿಲ್ಲ, ಗಟಗಟ ಮುಗಿಸುತ್ತಿದ್ದ. ಹಾಗಾಗಿ ಹೊಟ್ಟೆ ಸರಿಯಿದೆ, ತಲೆಯೇ ಕೆಟ್ಟಿದೆ ಎಂದುಕೊಂಡೆವು. ತಲೆ ಕೊಡವಿದಷ್ಟೂ ಕಡಿವಾಣ ಬಿಗಿ ಮಾಡಿದೆವು.

ಪಶುವೈದ್ಯೆ ಬಂದು ಮಂಪರಿನ ಚುಚ್ಚುಮದ್ದು ಕೊಟ್ಟು, ಬಾಯಿ ಅಗಲಿಸಿ ಟಾರ್ಚ್ ಬಿಟ್ಟರು. ಎಡಗಡೆ ಮೇಲಿನ ದವಡೆ ಹಲ್ಲುಗಳ ಅಂಚು ಚಾಕುವಿನಷ್ಟು ಹರಿತವಾಗಿ ಬೆಳೆದು ಒಳಗೆನ್ನೆಯನ್ನು ಸೀಳಿತ್ತು. ಕಡಿವಾಣ ಎಳೆದಾಗಲೆಲ್ಲ ಆ ಹುಣ್ಣು ಹಲ್ಲಿಗೇ ಒತ್ತುತ್ತಿತ್ತಂತೆ. ನೋಡಿ ನನಗೆ ಅಳು ಬಂತು. ಅವರು ಅರದಿಂದ ಅಂಚು ಉಜ್ಜುತ್ತಾ ಹೇಳಿದ್ದು ಇಷ್ಟೇ: “ಇದು ಹಟ ಅಲ್ಲಮ್ಮ. ಇಷ್ಟು ನೋವಲ್ಲೂ ಬೆನ್ನ ಮೇಲೆ ಹತ್ತಿಸಿಕೊಳ್ತಿದ್ದನಲ್ಲ, ಅದೇ ದೊಡ್ಡದು.”

ಅಪ್ಪಾ, ಅವನು ನಿನ್ನನ್ನು ಬೀಳಿಸಲಿಲ್ಲ. ಎಡಕ್ಕೆ ಎಳೆಯಬೇಡ ಎಂದು ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಹೇಳಿದ.

ಗಾಯ ಮಾಯುವವರೆಗೆ ಕಡಿವಾಣ ಹಾಕುವಂತಿಲ್ಲ, ಆಮೇಲೂ ವರ್ಷಕ್ಕೊಮ್ಮೆ ಹಲ್ಲು ತೋರಿಸಬೇಕು. ಇವತ್ತು ಒಣಹುಲ್ಲನ್ನು ಎರಡೂ ಬದಿಯಿಂದ ಅಗಿದ. ಆ ಕರಕರ ಸದ್ದು ಕೇಳುತ್ತಾ ಕೂತು ನನ್ನ ಚಹಾ ತಣ್ಣಗಾಯಿತು. ಅಮ್ಮ ಅಂತೂ ಮಹಾರಾಯರ ಭೋಜನ ಆಯಿತೇ ಎಂದು ಘಳಿಗೆಗೊಮ್ಮೆ ವಿಚಾರಿಸುತ್ತಾಳೆ. ನೀನು ಒಪ್ಪಿದರೆ ಕೊಳ್ಳುವವರಿಗೆ ಬೇಡವೆಂದು ಹೇಳುತ್ತೇನೆ. ದಯವಿಟ್ಟು ಒಪ್ಪು.

ನಿನ್ನ ಮಾತು ಕೇಳದ ಮಗಳು,
ಪುಟ್ಟಿ

ಮರೆತಿದ್ದೆ: ಕೊಳ್ಳುವವರು ನಿನ್ನೆಯೇ ಬಂದಿದ್ದರು, ಬಾಗಿಲಲ್ಲೇ ವಾಪಸ್ ಕಳಿಸಿದೆ. ಮೇಲೆ ಅಷ್ಟುದ್ದ ಅಂಗಲಾಚಿದ್ದು ನಿನ್ನ ಮರ್ಯಾದೆಗೆ. ಬೈಯುವುದಿದ್ದರೆ ಬಂದೇ ಬೈ. ಮೇವಿನ ಹೊತ್ತಿಗೆ ಬಾ, ಲಾಯದ ಒಳಗೆ ಎರಡು ಸ್ಟೂಲು ಹಾಕಿಟ್ಟಿದ್ದೇನೆ.