ತಿಂಗಳಿಗೊಂದು ಭಾನುವಾರ

ನಂಜನಗೂಡು
ಸೋಮವಾರ, 18-12-1978

ಪ್ರೀತಿಯ ಮಂಗಳಾ,

'ಚಿ. ಸೌ. ಮಂಗಳಗೌರಿಗೆ ಆಶೀರ್ವಾದಗಳು' ಅಂತ ಶುರು ಮಾಡಿ ಒಂದು ಹಾಳೆ ದಂಡ ಮಾಡಿದೆ. ಓದಿ ನೋಡಿಕೊಂಡರೆ ನಿಮ್ಮ ದೊಡ್ಡಪ್ಪ ಬರೆದ ಹಾಗಿತ್ತು. ಆದ್ದರಿಂದ ಹೀಗೇ ಇರಲಿ. ಹೇಗಿದ್ದೀಯಾ? ಈ ಚಳಿ ಶುರುವಾದರೆ ನಿನಗೆ ಬಲಗಿವಿ ನೋಯುತ್ತಿತ್ತಲ್ಲ, ಈ ಸಲ ಹೇಗಿದೆ? ತಲೆಗೆ ಬಟ್ಟೆ ಕಟ್ಟಿಕೊಳ್ಳದೆ ಬೆಳಬೆಳಿಗ್ಗೆ ಅಂಗಳ ಗುಡಿಸಲು ಇಳಿಯಬೇಡ. ಅತ್ತೆಯವರ ಮಂಡಿನೋವು, ಮಾವನವರ ಕೆಮ್ಮು ಎರಡನ್ನೂ ವಿಚಾರಿಸಿದೆ ಅಂತ ತಿಳಿಸು. ಮಾವನವರಿಗೆ ತಿಳಿಸುವುದು ಕಷ್ಟವಾದರೆ ಬಿಡು. ಈ ಕಾಗದವನ್ನು ನಿನ್ನ ತಮ್ಮ ಗುರುಮಲ್ಲಪ್ಪನೇ ಮೊದಲು ಒಡೆದು ಓದಿದರೆ ಅವನಿಗೂ ನನ್ನ ನಮಸ್ಕಾರ. ಇಲ್ಲಿ ನಾನು, ಅವ್ವ, ಅಣ್ಣನ ಮನೆಯವರು ಎಲ್ಲ ಕ್ಷೇಮ. ಕ್ಷೇಮ ಅಂತ ಬರೆಯಬೇಕು, ಬರೆದಿದ್ದೇನೆ.

ನಿನ್ನೆ ಬೆಳಿಗ್ಗೆ ನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಗುರುಮಲ್ಲಪ್ಪ ಎಂದಿನಂತೆ ಮಕ್ಕಳನ್ನು ಸೈಕಲ್ಲಿನಿಂದ ಇಳಿಸಿದ. ದಾಕ್ಷಿ ಕ್ಯಾರಿಯರ್ ಮೇಲೆ, ಮರಿ ಮುಂದಿನ ಬಾರಿನ ಮೇಲೆ. ಇಳಿಸಿ, ಸೈಕಲ್ಲಿಗೆ ಸ್ಟ್ಯಾಂಡೂ ಹಾಕದೆ, ನನ್ನ ಮುಖ ನೋಡದೆ, ಎದುರಿನ ಹೋಟೆಲಿನ ಬೋರ್ಡಿಗೆ ಹೇಳುವವನ ಹಾಗೆ ಹೇಳಿದ: "ಓದ್ ತಿಂಗ್ಳು ಆಲೆಮನೆಗೆ ಕರ್ಕಂಡೋಗಿ ಮಗೀಗೆ ಒಟ್ಟೆ ಕೆಡಿಸಿ ಕಳ್ಸಿದ್ರಿ. ಇದೇ ಕೊನೆ ಅಂತೆ, ಅಪ್ಪ ಏಳವ್ರೆ. ಇನ್ನು ಮಕ್ಕಳ ಊರೂರು ಅಲೆಸಾದು ಬ್ಯಾಡ. ನೋಡ್ಬೇಕು ಅಂದ್ರೆ ನಮ್ ಜಗಲಿ ಮ್ಯಾಲೆ ಒಂದರ್ಧ ಗಂಟೆ ಕುಂತು ನೋಡ್ಕಂಡು ಓಗಿ." ಜಗಲಿ ಹೊಸಿಲಿನಿಂದ ಈಚೆಗೇ ಇದೆಯಲ್ಲ, ನಾನು ನಿಮ್ಮ ಹೊಸಿಲು ತುಳಿಯಕೂಡದು ಅನ್ನುವ ಷರತ್ತಿಗೆ ಭಂಗವಿಲ್ಲ, ಅದನ್ನೂ ಅವನು ಯೋಚನೆ ಮಾಡಿಯೇ ಬಂದಿದ್ದ. ಬುದ್ಧಿವಂತ ಹುಡುಗ. ಈ ಕಾಗದ ಬರೆಯುತ್ತಿರುವುದೇ ಅದಕ್ಕೆ, ಮಂಗಳಾ. ನನ್ನ ಭಾನುವಾರವನ್ನು ಕಿತ್ತುಕೊಳ್ಳದ ಹಾಗೆ ನೀನು ನೋಡಿಕೊಳ್ಳಬೇಕು. ನನಗೆ ಇರುವುದೇ ಅದೊಂದು.

ನಾವಿಬ್ಬರೂ ಜಗಳವನ್ನೇ ಆಡಲಿಲ್ಲ ಅನ್ನುವುದು ನಿನಗೂ ಒಮ್ಮೊಮ್ಮೆ ನೆನಪಾಗುತ್ತದೆಯೇ? ಆಡಿದ್ದರೆ ರಾಜಿಯಾದರೂ ಆಗಬಹುದಿತ್ತು. ಅಣ್ಣನ ಮಗಳ ಮದುವೆಯಲ್ಲಿ ನಿಮ್ಮ ತಂದೆಯವರನ್ನು ಮೊದಲ ಪಂಕ್ತಿಗೆ ಕರೆಯುವುದನ್ನು ಅಣ್ಣ ಮರೆತ. ಎರಡನೆಯದಕ್ಕೆ ಕರೆದಾಗ ಅವರು ಬಡಿಸಿದ ಎಲೆ ಬಿಟ್ಟು ಎದ್ದರು. ಇವನೊಂದು ಅಂದ, ಅವರೆರಡು ಅಂದರು. ನಾಲ್ಕು ದಿನ ಇದ್ದು ಅಪ್ಪನ ಸಿಟ್ಟು ಇಳಿಸಿ ಬರುತ್ತೇನೆ ಅಂತ ಮಕ್ಕಳ ಜೊತೆ ಬಸ್ಸು ಹತ್ತಿದವಳು ನೀನು. ನಾನೇ ಚೀಲ ಎತ್ತಿಕೊಟ್ಟೆ. ಆಮೇಲೆ ಮಠದ ಸ್ವಾಮಿಗಳು ಎರಡೂ ಮನೆಯವರನ್ನು ಕೂರಿಸಿ, ಹಿರಿಯರ ಮನಸ್ಸು ತಿಳಿಯಾಗುವ ತನಕ ತಿಂಗಳಿಗೊಂದು ಭಾನುವಾರ ಹಗಲು ಮಕ್ಕಳು ಅಪ್ಪನ ಜೊತೆ ಇರಲಿ ಅಂದರು. ಅಣ್ಣ ಬಂದು ತಪ್ಪು ಒಪ್ಪಿಕೊಳ್ಳುವವರೆಗೂ ಮಕ್ಕಳು ನಂಜನಗೂಡಿನ ಮಣ್ಣು ಮೆಟ್ಟಕೂಡದು ಅಂತ ಮಾವನವರು ಒಂದು ಷರತ್ತು ಹಾಕಿದರು. ಅವನ ತಮ್ಮನಾದ ನಾನು ನಿಮ್ಮ ಮನೆ ಹೊಸಿಲು ತುಳಿಯಕೂಡದು ಅಂತ ಅಣ್ಣ ಇನ್ನೊಂದು ಹಾಕಿದ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ಉಣ್ಣುವುದಕ್ಕೇ ಜಗಳ ಬಂದರೆ ಏನು ಮಾಡಬೇಕು ಅಂತ ಗಾದೆ ಕಟ್ಟಿದವನಿಗೆ ಹೊಳೆಯಲಿಲ್ಲ.

ಹೀಗಾಗಿ ನನ್ನ ಪಾಡು ಏನಾಯಿತು ನೋಡು. ನಮ್ಮ ಮನೆಗೆ ಅವರು ಬರುವಂತಿಲ್ಲ, ನಿಮ್ಮ ಮನೆಗೆ ನಾನು ಬರುವಂತಿಲ್ಲ. ಬೆಳಿಗ್ಗೆಯಿಂದ ದೀಪ ಹಚ್ಚುವ ಹೊತ್ತಿನವರೆಗೆ ಆರು ವರ್ಷದ ಹುಡುಗಿ, ನಾಲ್ಕು ವರ್ಷದ ಹುಡುಗನನ್ನು ಕಟ್ಟಿಕೊಂಡು ನಾನು ಎಲ್ಲಿಗೆ ಹೋಗಲಿ? ದೇವನೂರಿನ ಸ್ಕೂಲಿನಲ್ಲಿ ನಲವತ್ತು ಮಕ್ಕಳನ್ನು ಸುಮ್ಮನೆ ಕೂರಿಸುವುದು ನನಗೆ ಬರುತ್ತದೆ. ಇಬ್ಬರನ್ನು ನಗಿಸುವುದು ಬರುತ್ತಿರಲಿಲ್ಲ. ಮೊದಲ ಸಲ ಗುಂಜಾ ನರಸಿಂಹಸ್ವಾಮಿ ಗುಡಿಗೆ ಕರೆದುಕೊಂಡು ಹೋಗಿ, ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಅಂತ ಪಾಠ ಶುರು ಮಾಡಿದೆ. ಗುಡಿಯ ಹೊರಗೆ ಒಂದು ಮೇಕೆ ಯಾರದೋ ಪಂಚೆ ತಿನ್ನುತ್ತಿತ್ತು. ಇಬ್ಬರೂ ಕಾಶಿಯನ್ನು ಬಿಟ್ಟು ಅದನ್ನು ನೋಡುತ್ತಾ ನಿಂತರು. ದೊಡ್ಡವರು ನೋಡುವ ಊರೇ ಬೇರೆ, ಮಕ್ಕಳು ನೋಡುವ ಊರೇ ಬೇರೆ. ಸೋಮನಾಥಪುರಕ್ಕೆ ಹೋದಾಗ ದಾಕ್ಷಿ ಗೋಡೆಯ ಮೇಲಿನ ಆನೆಗಳನ್ನು ಎಣಿಸಲು ಹೊರಟು ಮೂಲೆ ತಿರುಗಿದಾಗಲೆಲ್ಲ ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದಳು. ಮರಿ ನನ್ನ ಹೆಗಲ ಮೇಲೆ ನಿದ್ದೆ ಹೋದ. ಅವನ ಜೊಲ್ಲು ಶರಟಿನ ಮೇಲೆ ಆಗಿತ್ತು, ಆ ಶರಟನ್ನು ಒಗೆಯಲು ಹಾಕದೆ ನಾಲ್ಕು ದಿನ ಗೂಟಕ್ಕೆ ನೇತುಹಾಕಿದ್ದೆ. ನಗಬೇಡ. ಆಲೆಮನೆಯ ವಿಷಯಕ್ಕೆ ಬಂದರೆ, ಮಗು ಬಿಸಿ ಬೆಲ್ಲ ಕೇಳಿತು, ಕೊಡಿಸಿದೆ. ಇನ್ನೊಂದು ಸಲ ಕೇಳಿತು, ಇನ್ನೊಂದು ಸಲ ಕೊಡಿಸಿದೆ. ತಿಂಗಳಿಗೊಮ್ಮೆ ಸಿಗುವ ಅಪ್ಪನ ಬಾಯಲ್ಲಿ 'ಸಾಕು' ಅನ್ನುವ ಮಾತು ಹೊರಡುವುದಿಲ್ಲ, ಮಂಗಳಾ. ಅದಕ್ಕೆ ದಿನಾ ಜೊತೆಗಿರಬೇಕು.

ಈ ಸಲ ಎಲ್ಲಿಗೆ ಅಂತ ತಿಂಗಳೆಲ್ಲ ಯೋಚನೆ ಮಾಡಿದೆ. ಜೊತೆಯ ಮೇಷ್ಟರು ಮಹದೇವಯ್ಯನವರು ಮೈಸೂರಿನ ಮೃಗಾಲಯ ಅಂದರು. ದೀಪ ಹಚ್ಚುವುದರೊಳಗೆ ವಾಪಸ್ಸು ತಲುಪುವ ಭರವಸೆ ಇಲ್ಲ, ಬಸ್ಸು ಕೆಟ್ಟರೆ ನನ್ನ ಗತಿ ಮುಗಿಯಿತು. ಕೊನೆಗೆ ತರಗತಿಯಲ್ಲೇ ಕೇಳಿದೆ: ಭಾನುವಾರ ನಿಮ್ಮ ತಮ್ಮ ತಂಗಿಯರನ್ನು ಎಲ್ಲಿಗೆ ಕರೆದುಕೊಂಡು ಹೋಗುತ್ತೀರಿ ಅಂತ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು, "ನಾವ್ ಎಲ್ಗೂ ಕರ್ಕಂಡೋಗಲ್ಲ ಸಾ, ಅವೇ ನಮ್ಮಿಂದೆ ಬತ್ತವೆ" ಅಂದ. ಎಲ್ಲರೂ ನಕ್ಕರು. ನನಗೂ ಅದು ಸರಿ ಅನ್ನಿಸಿತು. ನಿನ್ನೆ ಪಾಠವಿಲ್ಲ, ಗುಡಿಯಿಲ್ಲ, ದಾಕ್ಷಿ ಎಲ್ಲಿಗೆ ಅಂದರೆ ಅಲ್ಲಿಗೆ ಅಂತ ತೀರ್ಮಾನ ಮಾಡಿದೆ. ಮೊದಲು ಹೊಳೆಗೆ ಅಂದಳು. ಅಲ್ಲಿ ಆಗಲಿಲ್ಲ. ಆಮೇಲೆ ಬಸ್ಸಿನಲ್ಲಿ ಕೂರಬೇಕು ಅಂದಳು. ಎಲ್ಲಿಗೆ ಅಂದರೆ, ಎಲ್ಲಿಗೂ ಬೇಡ, ಸುಮ್ಮನೆ ಕೂತು ಹೋಗಿ ಸುಮ್ಮನೆ ಬರೋಣ ಅಂದಳು. ನಿಂತಿದ್ದ ಬಸ್ಸು ನಂಜನಗೂಡಿನದು. ನಾನು ಹತ್ತಿದೆ.

ಯಾರಾದರೂ ಬಣ್ಣ ಕಟ್ಟಿ ಹೇಳುವ ಮೊದಲೇ ನಾನೇ ಹೇಳುತ್ತಿದ್ದೇನೆ. ಮಕ್ಕಳು ನಂಜನಗೂಡಿನ ಮಣ್ಣು ಮೆಟ್ಟಲಿಲ್ಲ. ಆಣೆಗೂ ಮೆಟ್ಟಲಿಲ್ಲ. ಅದೇ ಬಸ್ಸು ಕಾಲು ಗಂಟೆ ನಿಂತು ವಾಪಸ್ಸು ಹೊರಡುತ್ತದೆ, ನಾವು ಇಳಿಯದೆ ಕೂತಲ್ಲೇ ಕೂತಿರುವುದು ಅಂತ ಮಕ್ಕಳಿಗೆ ದಾರಿಯಲ್ಲಿ ಹದಿನಾರು ಎಂಬ ಊರು ದಾಟಿದಾಗಲೇ ಹೇಳಿದ್ದೆ. ಬಸ್ ಸ್ಟ್ಯಾಂಡಿನಲ್ಲಿ ಎಲ್ಲರೂ ಇಳಿದರು. ಖಾಲಿ ಬಸ್ಸಿನಲ್ಲಿ ನಾವು ಮೂವರೇ. ಕಿಟಕಿಯಿಂದ ರಸಬಾಳೆ ಕೊಂಡೆ. ಕಂಡಕ್ಟರ್ ಬಂದು, "ಮೇಷ್ಟ್ರೇ, ನಿಮ್ಮೂರು ಬಂತು ಕಣ್ರೀ, ಇಳ್ಕಳಿ" ಅಂದ. ಮತ್ತೆ ಮೂರು ಟಿಕೇಟು ಕೊಡಪ್ಪಾ ಅಂದೆ. ಅವನು ನನ್ನನ್ನೊಮ್ಮೆ, ಮಕ್ಕಳನ್ನೊಮ್ಮೆ ನೋಡಿ, ಏನೂ ಕೇಳದೆ ಹರಿದುಕೊಟ್ಟ. ಊರಿಗೆಲ್ಲ ನಮ್ಮ ಕಥೆ ಗೊತ್ತಿದೆ.

ಅಷ್ಟರಲ್ಲಿ ಮರಿಗೆ ಉಚ್ಚೆ ಬಂತು. ಎರಡು ಹಣ್ಣು ತಿಂದು ಚೊಂಬು ನೀರು ಕುಡಿದ ಮಗು, ಇನ್ನೇನಾಗುತ್ತದೆ? ದಾಕ್ಷಿಯನ್ನು ಸೀಟಿನಲ್ಲಿ ಕೂರಿಸಿ, ಇವನನ್ನು ಎತ್ತಿಕೊಂಡು ಇಳಿದು, ಗೋಡೆಯ ಪಕ್ಕದ ಚರಂಡಿಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಅವನು ಅಭ್ಯಾಸಬಲದಿಂದ ಕಾಲು ಕೆಳಗೆ ಚಾಚುತ್ತಾನೆ, ನಾನು ಮೇಲೆ ಎತ್ತುತ್ತೇನೆ. ಇನ್ನೂ ಕೆಳಕ್ಕೆ ಚಾಚುತ್ತಾನೆ, ಇನ್ನೂ ಮೇಲೆ ಎತ್ತುತ್ತೇನೆ. ಹುಟ್ಟಿದ ಊರಿನ ನೆಲ ಅವನ ಕಾಲಿಗೆ ತಾಗದಿರಲಿ ಅಂತ ಕೈ ಸೋಲುವ ತನಕ ಹಿಡಿದಿದ್ದೆ. ನನ್ನ ಶರಟು ಪಂಚೆ ಎಲ್ಲ ಒದ್ದೆ. ಹಾದು ಹೋಗುವವರು ನಗುತ್ತಿದ್ದರು, ನೋಡಿದರೆ ನೀನೂ ನಗುತ್ತಿದ್ದೆ.

ವಾಪಸ್ಸು ಹತ್ತಿದಾಗ ದಾಕ್ಷಿ ಸೀಟಿನ ಮೇಲೆ ಎದ್ದು ನಿಂತು ಕಾಯುತ್ತಿದ್ದಳು. ಕಿಟಕಿಯಿಂದ ಎಲ್ಲ ನೋಡಿದ್ದಳು. "ಅಪ್ಪಾ, ನನ್ನೂವೆ ಅಂಗೇ ಎತ್ಕೋ. ಮನೆ ಗಂಟ ಎತ್ಕಂಡೋಗು. ನಾನು ಕಾಲೇ ಇಡಕಿಲ್ಲ. ಅಜ್ಜಿ ನೋಡ್ಕಂಡು ಬಂದ್ಬುಡಾನ" ಅಂದಳು. ಷರತ್ತು ಏನು ಅಂತ ಆ ಮಗುವಿಗೆ ಅಕ್ಷರ ಅಕ್ಷರವೂ ಗೊತ್ತಿದೆ, ಮಂಗಳಾ. ದೊಡ್ಡವರ ಹಾಗೆ ಸಂದು ಹುಡುಕುವುದನ್ನೂ ಕಲಿತಿದ್ದಾಳೆ. ಮನೆ ಅಲ್ಲಿಂದ ಎರಡು ಬೀದಿ. ಅವ್ವ ಆ ಹೊತ್ತಿನಲ್ಲಿ ಹೊರಗೆ ಮೊರ ಹಿಡಿದು ಕೂತಿರುತ್ತಾಳೆ. ಆದರೆ ಇವಳನ್ನು ಎತ್ತಿಕೊಂಡರೆ ಅವನನ್ನು ಎಲ್ಲಿ ಇಡಲಿ? ಅವನನ್ನು ಎತ್ತಿಕೊಂಡರೆ ಇವಳ ಕಾಲು ನೆಲಕ್ಕೆ ತಾಗುತ್ತದೆ. ಇನ್ನೊಂದು ಸಲ ಅಂದೆ. ಇನ್ನೊಂದು ಸಲ ಇಲ್ಲವಂತಲ್ಲ, ಗುರುಮಲ್ಲಪ್ಪ ಮಾವ ಹೇಳಿದನಲ್ಲ ಅಂದಳು. ಆಮೇಲೆ ಹದಿನಾರು ಬರುವ ತನಕ ನನ್ನ ಕಡೆ ತಿರುಗಲಿಲ್ಲ. ನನಗೆ ಅಳು ಬಂತು. ಮೇಷ್ಟರು ಬಸ್ಸಿನಲ್ಲಿ ಅಳಬಾರದು, ಯಾವ ಸೀಟಿನಲ್ಲಿ ಯಾವ ಹುಡುಗನ ಅಪ್ಪ ಕೂತಿರುತ್ತಾನೋ. ಟವೆಲ್ಲಿನಿಂದ ಮುಖ ಒರೆಸಿಕೊಂಡು ಧೂಳು ಅಂದೆ.

ಸಂಜೆ ಗುರುಮಲ್ಲಪ್ಪ ಬಂದು ಇಬ್ಬರನ್ನೂ ಹತ್ತಿಸಿಕೊಂಡು ಹೋದ. ಸೈಕಲ್ಲು ತಿರುವಿನಲ್ಲಿ ಮರೆಯಾದ ಮೇಲೆ ನಾನು ಯಾವಾಗಲೂ ಕೂಡಲೇ ಹೊರಡುವುದಿಲ್ಲ. ನಿಮ್ಮ ಊರಿನ ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಒಂದು ಬಸ್ಸು ಬಿಟ್ಟು ಇನ್ನೊಂದು ಬರುವ ತನಕ ಕೂತಿರುತ್ತೇನೆ. ನೀನು ಎಣ್ಣೆಗೋ ಸೊಪ್ಪಿಗೋ ಆ ಕಡೆ ಬಂದರೂ ಬರಬಹುದು ಅಂತ. ಒಂದು ಸಲವೂ ಬಂದಿಲ್ಲ. ಮನೆಗೆ ಬಂದರೆ ಅವ್ವ ತಟ್ಟೆ ಮುಂದಿಟ್ಟುಕೊಂಡು, ಮರಿ ಏನು ತಿಂದ, ದಾಕ್ಷಿಗೆ ಹಲ್ಲು ಬಿತ್ತೇ, ಜಡೆ ಎಷ್ಟುದ್ದ ಆಯಿತು ಅಂತ ಒಂದೊಂದೇ ಕೇಳುತ್ತಾಳೆ. ನಿನ್ನೆ ಬಸ್ಸಿನ ವಿಷಯ ಹೇಳಲಿಲ್ಲ. ಎರಡು ಬೀದಿ ದೂರದಲ್ಲಿ ಇದ್ದರು ಅಂತ ಯಾವ ಬಾಯಲ್ಲಿ ಹೇಳಲಿ? ಊಟ ಸೇರದೆ ಎದ್ದೆ. ಈ ಮನೆಯಲ್ಲಿ ಒಂಬತ್ತು ಜನ ಇದ್ದೇವೆ, ಅಷ್ಟು ಜನರ ಮಧ್ಯೆ ಒಬ್ಬನೇ ಇರುವುದು ನನಗೆ ಅಭ್ಯಾಸವಾಗುತ್ತಿಲ್ಲ.

ಜಗಲಿಯ ಮೇಲೆ ಕೂತು ಮಕ್ಕಳನ್ನು ನೋಡಲು ನನ್ನಿಂದಾಗದು. ಅದು ಮಾನದ ಮಾತಲ್ಲ. ನಿಮ್ಮ ತಂದೆ ಒಂದು ಕಡೆ, ಗುರುಮಲ್ಲಪ್ಪ ಒಂದು ಕಡೆ ಕೂತರೆ ಆ ಮಕ್ಕಳು ನನ್ನನ್ನು ಇನ್ಸ್‌ಪೆಕ್ಟರ್ ಬಂದ ಹಾಗೆ ಕೈಕಟ್ಟಿ ನೋಡುತ್ತವೆ. ಮರಿ ಹೆಗಲ ಮೇಲೆ ನಿದ್ದೆ ಹೋಗುವುದಿಲ್ಲ. ದಾಕ್ಷಿ ನನ್ನ ಮೇಲೆ ಮುನಿಸಿಕೊಳ್ಳುವುದೂ ಇಲ್ಲ. ಮುನಿಸಿಕೊಳ್ಳುವುದಕ್ಕೂ ಸಲಿಗೆ ಬೇಕು. ಆದ್ದರಿಂದ ಭಾನುವಾರ ಉಳಿಸಿಕೊಡು. ಬೆಲ್ಲ ಕೊಡಿಸುವುದಿಲ್ಲ, ಬಿಸಿಲಿನಲ್ಲಿ ತಿರುಗಿಸುವುದಿಲ್ಲ, ನೀನು ಹೇಳಿದ ಕಡೆಗೇ ಕರೆದುಕೊಂಡು ಹೋಗುತ್ತೇನೆ.

ಅತ್ತೆ ಮಾವನವರಿಗೆ ನನ್ನ ಶರಣು. ದಾಕ್ಷಿಗೂ ಮರಿಗೂ ಮುತ್ತು. ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟುಕೋ. ನಂಜುಂಡೇಶ್ವರ ನಿನ್ನನ್ನು ಚೆನ್ನಾಗಿ ಇಟ್ಟಿರಲಿ.

ನಿನ್ನ,
ಗಂಗಾಧರಸ್ವಾಮಿ

ತಾ.ಕ.: ಟಪಾಲು ಹೋಗುವ ಹೊತ್ತಾಯಿತು, ಬೇಗ ಬೇಗ ಬರೆಯುತ್ತಿದ್ದೇನೆ. ಹೊಳೆಯ ಹತ್ತಿರ ಆಗಲಿಲ್ಲ ಅಂದೆನಲ್ಲ, ಏನಾಗಲಿಲ್ಲ ಅಂತ ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಸಂಗಮದಲ್ಲಿ ಇಬ್ಬರೂ ಹರಿಗೋಲಿನಲ್ಲಿ ಕೂರಬೇಕು ಅಂತ ಹಟ ಹಿಡಿದರು. ಅಂಬಿಗ ಮಾದಯ್ಯ ನಮ್ಮನ್ನು ನೋಡಿ ಹುಟ್ಟು ಕೆಳಗಿಟ್ಟುಬಿಟ್ಟ. "ಒಂದ್ ಮಗೀಗೆ ಒಂದ್ ಮಡ್ಲು ಬೇಕು ಸಾ. ಎರಡ್ ಮಕ್ಕಳ ಇಡ್ಕಂಡು ಒಬ್ರೇ ಕುಂತ್ರೆ ನಾ ಬುಡಾಕಿಲ್ಲ. ಅವ್ರ ಅವ್ವನ್ನೂ ಕರ್ಕಂಡ್ ಬನ್ನಿ" ಅಂದ. ಮುಂದಿನ ತಿಂಗಳು ಕರೆತರುತ್ತೇನೆ ಅಂತ ಮಕ್ಕಳ ಮುಂದೆ ಮಾತು ಕೊಟ್ಟುಬಿಟ್ಟಿದ್ದೇನೆ. ಮಠದಲ್ಲಿ ಆಡಿದ ಮಾತನ್ನೆಲ್ಲ ರಾತ್ರಿ ಮತ್ತೆ ಮತ್ತೆ ನೆನಪು ಮಾಡಿಕೊಂಡೆ. ಮಕ್ಕಳ ಮೇಲೆ ಷರತ್ತಿದೆ, ನನ್ನ ಮೇಲೆ ಷರತ್ತಿದೆ. ನಿನ್ನ ಮೇಲೆ ಯಾರೂ ಏನೂ ಹಾಕಿಲ್ಲ. ನಿನ್ನನ್ನು ಯಾರೂ ಕೇಳಿಯೂ ಇರಲಿಲ್ಲ. ನಾನೂ ಕೇಳಿರಲಿಲ್ಲ, ಈಗ ಕೇಳುತ್ತಿದ್ದೇನೆ. ಬಾ ಮಂಗಳಾ. ಒಬ್ಬರನ್ನು ನೀನು ಹಿಡಿದುಕೋ, ಒಬ್ಬರನ್ನು ನಾನು ಹಿಡಿದುಕೊಳ್ಳುತ್ತೇನೆ. ಆಚೆ ದಡ ಮುಟ್ಟಿದ ಮೇಲೆ ವಾಪಸ್ಸು ಬರುವುದೋ ಬೇಡವೋ ಅಂತ ಅಲ್ಲೇ ಕೂತು ಮಾತಾಡೋಣ.